ಬೆಳ್ಳಿ ರೂಪಾಯಿ ಕರಗಿಸುವ ಮುನ್ನ ಇಸವಿ ನೋಡಿ

ಆಸ್ಟ್ರೇಲಿಯಾದ ಪರ್ತ್ ಟಂಕಸಾಲೆ 1999ರಿಂದ ಚೀನೀ ಪಂಚಾಂಗದ ಇಲಿ, ಹುಲಿ, ಹಂದಿಗಳನ್ನು ಬೆಳ್ಳಿ ನಾಣ್ಯಗಳಲ್ಲಿ ಅಚ್ಚು ಹಾಕುತ್ತಿದೆ. ವರ್ಷಕ್ಕೊಂದು ಪ್ರಾಣಿ, ಹನ್ನೆರಡನ್ನೂ ಕೂಡಿಸುವ ಹವ್ಯಾಸಿಗಳು ಲೋಕದೆಲ್ಲೆಡೆ ಇದ್ದಾರೆ. ಕಡೂರು, ತರೀಕೆರೆ, ಅಜ್ಜಂಪುರದ ಹಳೆಯ ಮನೆಗಳಲ್ಲಿ ವರಮಹಾಲಕ್ಷ್ಮಿ ಪೂಜೆಗೆ ಹೊರತೆಗೆಯುವ ರಾಣಿ ರೂಪಾಯಿ, ರಾಜನ ರೂಪಾಯಿಗಳ ಪೈಕಿ ಕೆಲವದರಲ್ಲೂ ಪ್ರಾಣಿಗಳಿವೆ. ಕಾಲ್ಗೆಜ್ಜೆ ಮಾಡಿಸಲು ಅವನ್ನು ಅಕ್ಕಸಾಲಿಗರಿಗೆ ಕೊಡುವ ಮುನ್ನ ಒಮ್ಮೆ ಪರೀಕ್ಷಿಸಿ.

ಮೊದಲು ಇಸವಿ. 1911ರ ಐದನೇ ಜಾರ್ಜ್ ರೂಪಾಯಿ ಸಿಕ್ಕರೆ ಭೂತಗನ್ನಡಿ ಹಿಡಿದು ರಾಜನ ನಿಲುವಂಗಿಯ ಮೇಲಿನ ಪದಕಮಾಲೆ ನೋಡಿ. ಅಲ್ಲಿ ಪುಟ್ಟ ಆನೆಯಿದೆ. ಸೊಂಡಿಲು ಮೋಟಾಗಿದ್ದುದರಿಂದ ಜನರಿಗೆ ಅದು ಹಂದಿಯಂತೆ ಕಂಡಿತು. ಆಕ್ಷೇಪ ಎದ್ದಿತು, ನಾಣ್ಯ ಹಿಂದಕ್ಕೆ ಹೋಯಿತು, ಬಹುಪಾಲು ಕರಗಿತು. 1912ರಲ್ಲಿ ಆನೆಯನ್ನು ತಿದ್ದಿ ಮತ್ತೆ ಅಚ್ಚು ಹಾಕಿದರು. ಆದ್ದರಿಂದ 1911ರದ್ದನ್ನು ಯಾವ ಕಾರಣಕ್ಕೂ ಕರಗಿಸಬೇಡಿ. ಆರನೇ ಜಾರ್ಜ್‌ನ 1939ರ ರೂಪಾಯಿಯೂ ಅಪರೂಪ. ಅದಕ್ಕೇ ಅದರ ನಕಲಿಗಳೂ ಇವೆ. ವಿಕ್ಟೋರಿಯಾ ರಾಣಿಯ 1862ರದ್ದು ಕಂಡು ಹಿಗ್ಗಬೇಕಿಲ್ಲ, ಆಮೇಲೂ ಹಲವು ವರ್ಷ ಅದೇ ಇಸವಿ ಹಾಕಿಯೇ ಅಚ್ಚು ಮಾಡಿದ್ದರು.

ಆಮೇಲೆ ತೂಕ. ಒಂದು ತೊಲ, ಅಂದರೆ 11.66 ಗ್ರಾಂ ಇರಬೇಕು. ಸವೆದಿದ್ದರೆ ಸ್ವಲ್ಪ ಕಡಿಮೆ. 1939ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ನೂರಕ್ಕೆ 91.7 ಭಾಗ. 1940ರಿಂದ 1945ರವರೆಗಿನದರಲ್ಲಿ ಅರ್ಧ ಮಾತ್ರ. ಮಾರುವಾಗ ಈ ಎರಡನ್ನೂ ಬೇರೆ ಬೇರೆ ತೂಗಿಸಿ, ಒಟ್ಟಿಗೆ ತೂಗಲು ಒಪ್ಪಬೇಡಿ. ಹುಲಿಯ ಚಿತ್ರವಿರುವ 1947ರ ರೂಪಾಯಿ ಅಯಸ್ಕಾಂತಕ್ಕೆ ಅಂಟುತ್ತದೆ. ಅದು ನಿಕ್ಕಲ್, ಬೆಳ್ಳಿಯಲ್ಲ. ಹನುಮಂತನ ಚಿತ್ರ, 1818ರ ಇಸವಿ, ಈಸ್ಟ್ ಇಂಡಿಯಾ ಕಂಪನಿ ಹೆಸರು ಮೂರೂ ಇದ್ದರೆ ಅದು ನಾಣ್ಯವೇ ಅಲ್ಲ, ಬರೀ ಬಿಲ್ಲೆ.

ಹಬ್ಬಕ್ಕೆಂದು ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹಾಕಿ ಉಜ್ಜುವುದನ್ನು ದಯವಿಟ್ಟು ಬಿಡಿ. ಸಂಗ್ರಹಕಾರರು ಬೆಲೆ ಕೊಡುವುದು ಆ ಹಳೆಯ ಕಪ್ಪು ಛಾಯೆಗೇ. ಒಮ್ಮೆ ಉಜ್ಜಿದರೆ ಅದು ಮರಳದು. ಅಂಚು ಹಿಡಿದು ಎತ್ತಿ, ಒಂದೊಂದನ್ನೂ ಕಾಗದದ ಲಕೋಟೆಯಲ್ಲಿಟ್ಟು ಮೇಲೆ ಇಸವಿ ಬರೆಯಿರಿ. ಮೆತ್ತನೆಯ ಪಿವಿಸಿ ಚೀಲ ಬೇಡ.

ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಎಂದು, ರಿಸರ್ವ್ ಬ್ಯಾಂಕ್ ಹೆಸರಿನಲ್ಲೇ ಆದರೂ, ಫೋನ್ ಬಂದರೆ ಕತ್ತರಿಸಿ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಸ್ಪಷ್ಟಪಡಿಸಿದೆ.