ದೇವರ ಅಂಕಿತನಾಮ

ಜೀರ್ಣೋದ್ಧಾರ ಸಮಿತಿಯ ಹಿರಿಯರು ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ನನಗೆ ಅಪ್ಪಣೆ ಮಾಡಿದರು. ನಾನು ಪಂಡಿತನಲ್ಲ, ಕನ್ನಡ ಶಾಲೆಯಲ್ಲಿ ಓದಿ, ಮರಾಠಿಯಲ್ಲಿ ದಫ್ತರ ಬರೆದು ಹೊಟ್ಟೆ ಹೊರೆದುಕೊಂಡು ಬಂದಿರುವ ತಲಾಠಿ. ಹೆಸರುಗಳನ್ನು ತಪ್ಪಿಲ್ಲದೆ ಬರೆಯುವುದೇ ನನ್ನ ಉದ್ಯೋಗವಾದುದರಿಂದ, ದೇವರ ಹೆಸರಿನ ವಿಷಯವಾಗಿಯೇ ನಾಲ್ಕು ಮಾತು ಬರೆಯುವುದು ಯುಕ್ತವೆಂದು ತೋರಿತು. ಇನ್ನೊಂದು ಕಾರಣವೂ ಉಂಟು. ಹೊಸ ಮಹಾದ್ವಾರದ ಕಮಾನಿನ ಮೇಲೆ ಯಾವ ಹೆಸರನ್ನು ಕೆತ್ತಿಸಬೇಕೆಂಬ ಚರ್ಚೆಯು ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಬೀರಪ್ಪ ಎಂಬ ಹೆಸರು ಹಳ್ಳಿಗರ ನುಡಿಯಾಯಿತು, ಶ್ರೀ ವೀರಭದ್ರೇಶ್ವರ ಎಂದು ಬರೆಸಿದರೆ ಶೋಭಿಸುವುದು ಎಂಬುದು ಕೆಲವರ ಅಭಿಪ್ರಾಯ.

ನಾವು ಶಾಲೆಯಲ್ಲಿ ಕಲಿತ ವ್ಯಾಕರಣದಲ್ಲಿ ನಾಮಪದಗಳು ರೂಢನಾಮ, ಅನ್ವರ್ಥನಾಮ, ಅಂಕಿತನಾಮ ಎಂದು ಮೂರು ಬಗೆಯಾಗಿದ್ದುದನ್ನು ವಾಚಕರು ಮರೆತಿರಲಾರರು. ‘ಮನುಷ್ಯ’ ಎಂಬುದು ರೂಢನಾಮ. ‘ಕುಂಟ’, ‘ಜಾಣ’ ಎಂಬಿವು ಗುಣವನ್ನು ಹಿಡಿದು ಬಂದ ಅನ್ವರ್ಥನಾಮಗಳು. ತಂದೆತಾಯಿಗಳು ತೊಟ್ಟಿಲಲ್ಲಿಟ್ಟು ಕರೆದ ಹೆಸರು ಅಂಕಿತನಾಮ. ಈ ಅಳತೆಯಿಂದಲೇ ನೋಡಿದರೆ ‘ದೇವರು’ ಎಂಬುದು ರೂಢನಾಮವಾಯಿತು. ‘ದಯಾಮಯ’, ‘ಜಗದೀಶ’ ಎಂಬಿವು ಅನ್ವರ್ಥನಾಮಗಳು. ಹಾಗಾದರೆ ದೇವರಿಗೆ ಅಂಕಿತನಾಮವುಂಟೇ? ಉಂಟಾದರೆ ಅದನ್ನು ಇಟ್ಟವರು ಯಾರು? ಈ ಪ್ರಶ್ನೆಯನ್ನು ಲೋಕದ ನಾನಾ ಧರ್ಮದವರು ನಾನಾ ವಿಧವಾಗಿ ಬಿಡಿಸಿಕೊಂಡಿದ್ದಾರೆ.

ಯೆಹೂದ್ಯರ ಸಂಗತಿಯು ಎಲ್ಲಕ್ಕಿಂತ ವಿಲಕ್ಷಣವಾದುದು. ಅವರ ಧರ್ಮಗ್ರಂಥದಲ್ಲಿ, ಉರಿಯುತ್ತಿದ್ದರೂ ಬೂದಿಯಾಗದ ಒಂದು ಪೊದೆಯೊಳಗಿಂದ ದೇವರು ಮೋಶೆಗೆ ಮಾತನಾಡಿದನು. ನಿನ್ನ ಹೆಸರೇನೆಂದು ಜನರು ಕೇಳಿದರೆ ನಾನೇನು ಹೇಳಲಿ ಎಂದು ಮೋಶೆಯು ಬಿನ್ನವಿಸಿದನಂತೆ. ನಮ್ಮ ಚಾವಡಿಯಲ್ಲಿ ನಾವು ಕೇಳುವ ಮೊದಲ ಪ್ರಶ್ನೆಯೂ ಇದೇ ಅಲ್ಲವೇ! ಅವನಿಗೆ ದೊರೆತ ಹೆಸರು ಹೀಬ್ರೂ ಲಿಪಿಯಲ್ಲಿ ನಾಲ್ಕೇ ಅಕ್ಷರ: ಯೋದ್, ಹೇ, ವಾವ್, ಹೇ. ಆ ಲಿಪಿಯಲ್ಲಿ ಹಿಂದೆ ವ್ಯಂಜನಗಳನ್ನು ಮಾತ್ರ ಬರೆಯುತ್ತಿದ್ದರು. ಸ್ವರಗಳನ್ನು ಓದುವವನೇ ತುಂಬಿಕೊಳ್ಳಬೇಕಾಗಿತ್ತು. ಈ ನಾಮವು ಅತಿ ಪವಿತ್ರವೆಂಬ ಭಾವನೆಯಿಂದ ಕಾಲಕ್ರಮದಲ್ಲಿ ಅದನ್ನು ಉಚ್ಚರಿಸುವುದನ್ನೇ ಬಿಟ್ಟರು. ಯೆರೂಸಲೇಮಿನ ದೇವಾಲಯದಲ್ಲಿ ಪ್ರಾಯಶ್ಚಿತ್ತದ ದಿನದಂದು ಮಹಾಯಾಜಕನು ಅದನ್ನು ನುಡಿಯುತ್ತಿದ್ದನೆಂದೂ, ಕೇಳಿದ ಜನರು ನೆಲಕ್ಕೆ ಬಿದ್ದು ವಂದಿಸುತ್ತಿದ್ದರೆಂದೂ ಅವರ ಪ್ರಾಚೀನ ಗ್ರಂಥಗಳು ಹೇಳುತ್ತವೆ. ಕ್ರಿ.ಶ. 70ರಲ್ಲಿ ರೋಮಿನ ಸೈನ್ಯವು ಆ ದೇವಾಲಯವನ್ನು ನಾಶಮಾಡಿತು. ಅಂದಿನಿಂದ ಆ ನುಡಿಯೂ ನಿಂತಿತು. ಗ್ರಂಥ ಓದುವಾಗ ಆ ನಾಲ್ಕಕ್ಷರಗಳು ಬಂದರೆ ಇಂದಿಗೂ ‘ಅದೋನಾಯ್’, ಅಂದರೆ ‘ನನ್ನ ಒಡೆಯ’ ಎನ್ನುತ್ತಾರೆ. ದಿನದ ಮಾತಿನಲ್ಲಿ ‘ಹಶ್ಶೇಮ್’, ಅಂದರೆ ಬರಿಯ ‘ಆ ಹೆಸರು’ ಎಂದು ಸುಮ್ಮನಾಗುತ್ತಾರೆ. ಮುಂದೆ ಗ್ರಂಥಕ್ಕೆ ಸ್ವರಚಿಹ್ನೆಗಳನ್ನು ಹಚ್ಚಿದ ಪಂಡಿತರು, ಓದುವವನಿಗೆ ಎಚ್ಚರಿಕೆಯಾಗಲೆಂದು ಈ ನಾಲ್ಕು ವ್ಯಂಜನಗಳಿಗೆ ‘ಅದೋನಾಯ್’ ಪದದ ಸ್ವರಗಳನ್ನಿಟ್ಟರು. ಅದನ್ನು ಕೂಡಿಸಿ ಓದಿದ ಯೂರೋಪಿನ ಕ್ರೈಸ್ತರ ಬಾಯಲ್ಲಿ ‘ಜೆಹೋವಾ’ ಎಂದಾಯಿತು; ನಮ್ಮ ಕನ್ನಡ ಸತ್ಯವೇದದ ‘ಯೆಹೋವ’ನೂ ಅದೇ ದಾರಿಯಿಂದ ಬಂದವನು. ಮೂಲದ ಉಚ್ಚಾರವು ‘ಯಾಹ್ವೆ’ ಎಂದು ಇದ್ದಿರಬಹುದೆಂದು ವಿದ್ವಾಂಸರು ಊಹಿಸುತ್ತಾರೆ. ಅಕ್ಷರವುಳಿದು ಧ್ವನಿಯು ಹೋದ ಹೆಸರು ಅದು.

ಆ ಹೆಸರಿನ ಮೇಲಣ ಭಯಭಕ್ತಿಯಿಂದ ಒಂದು ವಿಚಿತ್ರವಾದ ಉಪಕಾರವಾಯಿತು. ಲೆಕ್ಕ ಬರೆಯುವವನಾದ ನನಗೆ ಅದು ಬಹಳ ಹಿಡಿಸಿತು. ದೇವರ ನಾಮವಿರುವ ಕಾಗದವನ್ನು ಹರಿಯಬಾರದು, ಸುಡಬಾರದು ಎಂಬ ನಿಯಮದಿಂದ ಯೆಹೂದ್ಯರು ಜೀರ್ಣವಾದ ಪತ್ರಗಳನ್ನು ‘ಗೆನೀಜಾ’ ಎಂಬ ಕೋಣೆಯಲ್ಲಿ ಹಾಕಿಡುವರು. ಈಜಿಪ್ತದ ಕೈರೋ ಪಟ್ಟಣದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಗೆನೀಜಾದಲ್ಲಿ ಗ್ರಂಥದ ಹಾಳೆಗಳ ಸಂಗಡ ವ್ಯಾಪಾರಸ್ಥರ ಓಲೆಗಳೂ ಕರಾರುಗಳೂ ಸಾಮಾನಿನ ಯಾದಿಗಳೂ ಬಂದು ಬಿದ್ದವು. 1896-97ರಲ್ಲಿ ಸೊಲೊಮನ್ ಶೆಖ್ಟರ್ ಎಂಬ ಪಂಡಿತನು ಅವುಗಳ ದೊಡ್ಡ ಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದನು. ಅವುಗಳಲ್ಲಿ ನಮ್ಮ ಮಂಗಳೂರಿನ ಸುದ್ದಿಯೂ ಇದೆಯೆಂದರೆ ವಾಚಕರು ಬೆರಗಾಗಬಹುದು. ಬಸವಣ್ಣನವರ ಶತಮಾನದಲ್ಲಿಯೇ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು 1132ರ ಸುಮಾರಿನಿಂದ 1149ರ ವರೆಗೆ ಆ ಬಂದರಿನಲ್ಲಿ ನೆಲಸಿ, ಕಂಚಿನ ಸಾಮಾನು ಮಾಡಿಸುತ್ತ, ಮೆಣಸು ಅಡಿಕೆಗಳನ್ನು ಸಮುದ್ರದಾಚೆಗೆ ಕಳಿಸುತ್ತಿದ್ದನು. ಅವನ ವ್ಯವಹಾರವನ್ನು ನಡೆಸಲು ಏಡನ್ನಿನ ವರೆಗೆ ಹೋಗಿ ಬರುತ್ತಿದ್ದ ಒಬ್ಬ ದಾಸನ ಹೆಸರೂ ಆ ಪತ್ರಗಳಲ್ಲಿ ಬರುತ್ತದೆ. ಅದನ್ನೂ ವ್ಯಂಜನಗಳಲ್ಲಿ ಮಾತ್ರ ಬರೆದಿರುವುದರಿಂದ ಹೇಗೆ ಓದಬೇಕೆಂಬ ತೊಡಕು ಬಂದಿತು. ಅಮಿತಾವ ಘೋಷರು 1992ರ ತಮ್ಮ ಪುಸ್ತಕದಲ್ಲಿ ಅದನ್ನು ‘ಬೊಮ್ಮ’ ಎಂದು ಓದಿದ್ದಾರೆ. ದೇವರ ಹೆಸರಿಗೂ ಒಬ್ಬ ಆಳಿನ ಹೆಸರಿಗೂ ಒಂದೇ ಗತಿ! ಒಂದರ ಮರ್ಯಾದೆಗಾಗಿ ಕಾಗದಗಳನ್ನು ಉಳಿಸಿದುದರಿಂದ ಇನ್ನೊಂದು ನಮಗೆ ದೊರೆಯಿತು.

ಹೆಸರನ್ನು ನುಡಿಯದಿರುವ ಈ ರೂಢಿಯು ಪರದೇಶದ್ದೆಂದು ನಾವು ಭಾವಿಸಬೇಕಾಗಿಲ್ಲ. ಐತರೇಯ ಬ್ರಾಹ್ಮಣದಲ್ಲಿ ರುದ್ರನ ಪ್ರಸಂಗ ಬಂದಲ್ಲಿ ಅವನ ಹೆಸರನ್ನೆತ್ತದೆ ‘ಈ ದೇವನು’ ಎಂದಿಷ್ಟೇ ಹೇಳಿದೆ. ಮಂತ್ರದಲ್ಲಿ ಬರುವ ಆ ಪದವನ್ನು ಸಹ ತುಸು ಬದಲಿಸಿ ನುಡಿಯಬೇಕೆಂಬ ವಿಧಿಯಿದೆ. ಮಂಗಳಕರನೆಂಬರ್ಥದ ‘ಶಿವ’ ಎಂಬುದು ಮೊದಲು ಅದೇ ರುದ್ರನಿಗೆ ಹಚ್ಚಿದ ವಿಶೇಷಣವಾಗಿದ್ದು, ಬರಬರುತ್ತ ಅದೇ ಹೆಸರಾಗಿ ನಿಂತಿತು. ನಮ್ಮ ಮನೆಗಳಲ್ಲಿ ಹಿರಿಯ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುತ್ತಿರಲಿಲ್ಲ. ರಾತ್ರಿ ಹೊತ್ತು ಹಾವನ್ನು ಹಾವೆನ್ನದೆ ‘ಹುಳ’ ಎನ್ನುತ್ತೇವೆ. ಸಿಡುಬಿನ ಕಾಲದಲ್ಲಿ ‘ಅಮ್ಮ ಬಂದಾಳ’ ಎನ್ನುತ್ತಿದ್ದರು. ಪ್ರೀತಿಯೂ ಭಯವೂ ಹೆಸರಿನ ಹೊಸ್ತಿಲಲ್ಲಿ ಒಂದೇ ರೀತಿಯಾಗಿ ತಡೆದು ನಿಲ್ಲುತ್ತವೆ.

ಇನ್ನು ಮುಸಲ್ಮಾನರಲ್ಲಿ ‘ಅಲ್ಲಾಹ್’ ಎಂಬುದು ಅಂಕಿತ; ರಹಮಾನ್, ರಹೀಮ್ ಮೊದಲಾದ 99 ನಾಮಗಳು ಅವನ ಗುಣಗಳನ್ನು ಹೇಳತಕ್ಕವು. ಜಪಸರದ ಮಣಿಗಳೂ 99 ಅಥವಾ ಅದರ ಮೂರನೆಯ ಒಂದು ಪಾಲಾದ 33 ಇರುತ್ತವೆ. ಅರಬ್ಬಿ ಭಾಷೆಯ ಕ್ರೈಸ್ತರು ಕೂಡ ದೇವರನ್ನು ಅಲ್ಲಾಹ್ ಎಂದೇ ಕರೆಯುತ್ತಾರೆ. ನಮ್ಮ ವಿಷ್ಣುಸಹಸ್ರನಾಮದಲ್ಲಿ ಭೀಷ್ಮನು ಧರ್ಮರಾಯನಿಗೆ ಇವು ಗುಣಗಳಿಂದ ಹುಟ್ಟಿದ ಹೆಸರುಗಳೆಂದು ಮೊದಲೇ ಹೇಳಿಬಿಡುತ್ತಾನೆ. ಎಂದರೆ ಸಾವಿರವೂ ಬಹುತೇಕ ಅನ್ವರ್ಥಗಳು. ಜೈನರು ಮತ್ತೊಂದು ದಾರಿ ಹಿಡಿದಿದ್ದಾರೆ. ಅವರ ಣಮೋಕಾರ ಮಂತ್ರದಲ್ಲಿ ಆದಿನಾಥನ ಹೆಸರಿಲ್ಲ, ಮಹಾವೀರನ ಹೆಸರಿಲ್ಲ. ಅರಿಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧು ಎಂಬ ಐದು ಪದವಿಗಳಿಗೆ ನಮಸ್ಕಾರ. ವ್ಯಕ್ತಿಯ ಹೆಸರು ಬರೆಯದೆ ಹುದ್ದೆಯ ಹೆಸರಿನಲ್ಲಿ ಕಾಗದ ಕಳಿಸುವ ಸರಕಾರಿ ಪದ್ಧತಿಯು ನನಗೆ ನೆನಪಾಗುತ್ತದೆ. ಜೈನಬಾಂಧವರು ಇದನ್ನು ವಿನೋದವೆಂದು ಕ್ಷಮಿಸಬೇಕು.

ಆದರೆ ಅಂಕಿತವೆಂಬ ಪದಕ್ಕೆ ಪೂರ್ಣಾರ್ಥವನ್ನು ಕೊಟ್ಟವರು ನಮ್ಮ ಶರಣರು ಮತ್ತು ದಾಸರು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮಪ್ರಭುವಿಗೆ ಗುಹೇಶ್ವರ. ಸೊನ್ನಲಿಗೆ, ಅಂದರೆ ನಮ್ಮ ಸೊಲ್ಲಾಪುರದ ಸಿದ್ಧರಾಮರಿಗೆ ಕಪಿಲಸಿದ್ಧ ಮಲ್ಲಿಕಾರ್ಜುನ. ದೇವರು ಒಬ್ಬನೇ ಎಂದು ಸಾರಿದ ಇವರು ಒಂದೇ ಹೆಸರನ್ನು ಎಲ್ಲರೂ ಬಳಸತಕ್ಕದ್ದೆಂದು ಠರಾವು ಮಾಡಲಿಲ್ಲ. ಹೆಸರು ಕೂಗುವವನ ಊರಿನದು, ಅವನ ಗುಡಿಯದು, ಅವನ ನಾಲಗೆಯದು. ಭೀಮೆಯ ದಂಡೆಯ ಪಂಢರಪುರದ ವಿಠಲನನ್ನು ಪುರಂದರದಾಸರು ‘ಪುರಂದರ ವಿಠಲ’ನನ್ನಾಗಿ ಮಾಡಿಕೊಂಡರು, ಮರಾಠಿ ವಾರಕರಿಗಳಿಗೆ ಅವನೇ ವಿಠೋಬಾ, ವಿಠ್ಠು, ವಿಠಾಯಿ. ಆ ಹೆಸರಿನ ಮೂಲಾರ್ಥವೇನೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಅರ್ಥವು ನಿರ್ಣಯವಾಗಲಿಲ್ಲವೆಂದು ಆಷಾಢದ ದಿಂಡಿಯೇನೂ ನಿಂತಿಲ್ಲ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ನೌಕರಿಯ ಪ್ರಾರಂಭದ ವರ್ಷಗಳಲ್ಲಿ, ಬೇರೊಂದು ಸಜ್ಜೆಯಲ್ಲಿದ್ದಾಗ, ಹಳೆಯ ಸಾತಬಾರಾ ಉತಾರೆಗಳನ್ನು ಹೊಸ ಪುಸ್ತಕಕ್ಕೆ ಇಳಿಸುವಾಗ ನನ್ನಿಂದ ಒಂದು ಪ್ರಮಾದವಾಯಿತು. ದೇವಸ್ಥಾನ ಇನಾಮಿನ ಒಂದು ಗಟ್ಟಿನಲ್ಲಿ ‘ಶ್ರೀ ಬೀರಪ್ಪ ದೇವ’ ಎಂದಿದ್ದುದನ್ನು, ರಾತ್ರಿ ಕಂದೀಲಿನ ಬೆಳಕಿನಲ್ಲಿ ಬರೆಯುತ್ತ, ಬರಿಯ ‘ಬೀರಪ್ಪ’ ಎಂದು ಇಳಿಸಿದೆನು. ನಮ್ಮ ಸೀಮೆಯಲ್ಲಿ ಆ ಹೆಸರಿನ ಮನುಷ್ಯರಿಗೆ ಕಡಿಮೆಯೇ? ಎರಡು ವರ್ಷಗಳ ತರುವಾಯ ಅದೇ ಹೆಸರಿನ ಒಬ್ಬ ಗೃಹಸ್ಥನ ಮಕ್ಕಳು ಆ ಭೂಮಿಯು ತಮ್ಮ ತಂದೆಯದೆಂದು ವಾರಸಾ ಅರ್ಜಿಯನ್ನು ಕೊಟ್ಟರು. ಫೇರಫಾರವನ್ನು ತಡೆದು ಹಳೆಯ ದಫ್ತರವನ್ನು ಹುಡುಕಿಸಿ ತಪ್ಪನ್ನು ತಿದ್ದಿಸುವಷ್ಟರಲ್ಲಿ ನಾನು ಹಣ್ಣಾದೆನು. ತಪ್ಪು ನನ್ನದೇ, ಮಕ್ಕಳದಲ್ಲ. ದೇವರು ಕಾಯದೆಯ ದೃಷ್ಟಿಯಲ್ಲಿ ಸ್ವತ್ತನ್ನು ಹೊಂದಬಲ್ಲ ವ್ಯಕ್ತಿ ಎಂಬುದನ್ನು ನಾನು ಅಂದು ಚೆನ್ನಾಗಿ ಕಲಿತೆನು. 2021ರ ಸೆಪ್ಟೆಂಬರದಲ್ಲಿ ಸರ್ವೋಚ್ಚ ನ್ಯಾಯಾಲಯವು ಮಧ್ಯಪ್ರದೇಶದ ಒಂದು ವ್ಯಾಜ್ಯದಲ್ಲಿ, ಮಾಲೀಕನ ಕಲಮಿನಲ್ಲಿ ದೇವರ ಹೆಸರೊಂದನ್ನೇ ಬರೆಯತಕ್ಕದ್ದು, ಪೂಜಾರಿಯು ವಹಿವಾಟು ನೋಡುವವನು ಮಾತ್ರ ಎಂದು ಹೇಳಿತು.

ಆ ಹೆಸರು ಯಾವುದು ಎಂಬುದೇ ಈಗ ನಮ್ಮೆದುರಿಗಿರುವ ಪ್ರಶ್ನೆ. ‘ವೀರ’ ಎಂಬ ಸಂಸ್ಕೃತ ಪದವೇ ತದ್ಭವವಾಗಿ ‘ಬೀರ’ ಆಗುವುದೆಂಬ ವಾದವು ವ್ಯಾಕರಣಸಮ್ಮತವಾದುದೇ. ಆದರೆ ವೀರಭದ್ರನು ದಕ್ಷಯಜ್ಞವನ್ನು ಕೆಡಿಸಿದವನು; ನಮ್ಮ ಬೀರಪ್ಪನು ಕುರಿಹಿಂಡಿನ ಹಿಂದೆ ಕಂಬಳಿ ಹೊದ್ದು ನಡೆದವನು, ಹಾಲುಮತದವರ ಡೊಳ್ಳಿಗೆ ಎದ್ದು ಬರುವವನು. ಪದದ ಬೇರು ಒಂದಾದ ಮಾತ್ರಕ್ಕೆ ಖಾತೆ ಒಂದಾಗುವುದಿಲ್ಲ. ಮರಾಠಿ ಧನಗರ ಬಂಧುಗಳು ಅವನನ್ನೇ ಬಿರೋಬಾ ಎನ್ನುತ್ತಾರೆ. ಅಪ್ಪ ಅಂದರೂ ಬಾ ಅಂದರೂ ತಂದೆಯೇ ಆದುದರಿಂದ ಅಲ್ಲಿ ತಕರಾರಿಗೆ ಆಸ್ಪದವಿಲ್ಲ.

ಹೋದ ಅಮಾವಾಸ್ಯೆಯ ದಿನ ಗುಡಿಯ ಕಟ್ಟೆಯ ಮೇಲೆ ಈ ಚರ್ಚೆಯು ನಡೆದಾಗ, ಭಂಡಾರ ಹಚ್ಚುತ್ತ ಕುಳಿತಿದ್ದ ಹಿರಿಯ ಪೂಜಾರಿ ಮುತ್ಯಾ ಇಷ್ಟು ಹೊತ್ತೂ ಸುಮ್ಮನಿದ್ದು ನನ್ನ ಕಡೆಗೆ ತಿರುಗಿ ಕೇಳಿದನು: “ತಮ್ಮಾ, ನೀವು ಬರಸೋ ಹೆಸರಿಗಿ ಅಂವಾ ಓ ಅಂತಾನೇನ?” ಕಟ್ಟೆಯ ಮೇಲಿದ್ದ ಯಾರೊಬ್ಬರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ.

ಕಮಾನಿನ ನಡುಗಲ್ಲು ಸದ್ಯ ಅಕ್ಷರವಿಲ್ಲದೆ ನಿಂತಿದೆ. ಕಲ್ಲುಕುಟಿಗನು ಜಾತ್ರೆಯ ಮುಂಚೆ ಬರುವುದಾಗಿ ಹೇಳಿ ಹೋಗಿದ್ದಾನೆ. ಒಂದು ಸಾಲು ಕನ್ನಡದಲ್ಲಿ ‘ಬೀರಪ್ಪ’, ಒಂದು ಸಾಲು ಮರಾಠಿಯಲ್ಲಿ ‘ಬಿರೋಬಾ’ ಎಂದು ನಾನು ಚೀಟಿ ಬರೆದು ಸಮಿತಿಗೆ ಕೊಟ್ಟಿದ್ದೇನೆ. ಈ ಸಲ ‘ದೇವ’ ಎಂಬ ಎರಡಕ್ಷರವನ್ನು ಮರೆತಿಲ್ಲ.