ಚರಂಡಿಯ ಲೆಕ್ಕ ಕೇಳುವ ಬಗೆ

ಪ್ರಶ್ನೆಯ ಸಾರ: ಗೌರಿಬಿದನೂರು ಸೀಮೆಯ ತೆರಿಗೆದಾರರೊಬ್ಬರ ಬೀದಿಯಲ್ಲಿ ಚರಂಡಿ ಅರ್ಧಕ್ಕೇ ನಿಂತಿದೆ, ಪೂರ್ತಿ ಬಿಲ್ ಪಾವತಿಯಾಗಿರುವ ಶಂಕೆ ಅವರದು.

ಉತ್ತರ: ಸ್ಥಳೀಯ ಸಂಸ್ಥೆಯ ಆಯವ್ಯಯ ಪುಸ್ತಕವನ್ನು ಮೊದಲಿಗೇ ಕೇಳುವುದು ವ್ಯರ್ಥಶ್ರಮ, ಒಂದು ಬೀದಿಯ ಚರಂಡಿ ಅದರಲ್ಲಿ ಕಾಣಸಿಗದು. ತಾವು ಕೇಳಬೇಕಾದದ್ದು ಆ ಕಾಮಗಾರಿಯ ಅಂದಾಜುಪಟ್ಟಿ, ಕಾರ್ಯಾದೇಶ, ಪಾವತಿ ವೋಚರ್ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಅಳತೆ ಪುಸ್ತಕ, ಎಂದರೆ ಎಂಜಿನಿಯರರು ಸ್ಥಳದಲ್ಲೇ ಕೆಲಸದ ಉದ್ದ, ಅಗಲ, ಆಳಗಳನ್ನು ಅಳೆದು ದಿನಾಂಕಸಹಿತ ಬರೆದಿಡುವ, ಬಿಲ್ಲಿಗೆ ಆಧಾರವಾಗುವ ದಾಖಲೆ. ಅದರಲ್ಲಿ 120 ಮೀಟರ್ ಎಂದಿದ್ದು, ಟೇಪು ಹಿಡಿದಾಗ 70 ಮೀಟರ್ ಮಾತ್ರ ಸಿಕ್ಕರೆ ಬೇರೆ ವಾದವೇ ಬೇಕಾಗದು.

ಮಾಹಿತಿ ಹಕ್ಕು ಅಧಿನಿಯಮ, 2005ರ 6(1)ನೇ ಪ್ರಕರಣದಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು. ಕರ್ನಾಟಕದ ನಿಯಮಗಳಂತೆ ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದಾದ್ದರಿಂದ ಆಪಾದನೆಗೆ ಅಲ್ಲಿ ಜಾಗವಿಲ್ಲ, ಇರಲೂಬಾರದು. ಕಡತವನ್ನೂ ಕಾಮಗಾರಿಯನ್ನೂ ಖುದ್ದಾಗಿ ಪರಿಶೀಲಿಸುವ ಹಕ್ಕನ್ನು ಕಾಯ್ದೆಯೇ ನೀಡಿದ್ದು, ಅದನ್ನೂ ಅರ್ಜಿಯಲ್ಲಿ ಕೋರಬಹುದು. ವಿದುರಾಶ್ವತ್ಥದಂತಹ ಗ್ರಾಮವಾದರೆ ಅರ್ಜಿಯನ್ನು ಗ್ರಾಮ ಪಂಚಾಯಿತಿಗೆ ಕೊಡಬೇಕು, ನಗರಸಭೆಗಲ್ಲ.

30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿಯನ್ನೂ, ಅದೂ ಫಲಿಸದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದನ್ನೂ ಸಲ್ಲಿಸಬೇಕು. ದಿನಾಂಕವಿರುವ ಸ್ವೀಕೃತಿ ಇಲ್ಲದಿದ್ದರೆ ಈ ಗಡುವುಗಳ ಲೆಕ್ಕವೇ ಹಿಡಿಯಲಾಗದು.

ಹೀಗೆ ಪಡೆದ ದೃಢೀಕೃತ ಪ್ರತಿಗಳಿಗೂ ಸ್ಥಳದಲ್ಲಿನ ಕೆಲಸಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಲೋಕಾಯುಕ್ತಕ್ಕೆ ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ದೂರು ನೀಡಬಹುದು. ಸುಳ್ಳು ದೂರಿಗೆ ಶಿಕ್ಷೆಯುಂಟಾದ್ದರಿಂದ, ಪ್ರಮಾಣಪತ್ರಕ್ಕೆ ಸಹಿ ಹಾಕುವ ಮುನ್ನ ವಕೀಲರಿಗೆ ತೋರಿಸುವುದು ಕ್ಷೇಮ.