ಮಣ್ಣು ಹಾರಿಹೋದ ನಾಡಿನ ಮಕ್ಕಳು

ಕುಟುಂಬವೊಂದು ತನ್ನ ಊರನ್ನು ಬಿಟ್ಟು ಬೇರೊಂದು ಊರಿಗೆ ಹೋಗುವುದು ಹೊಸ ಸಂಗತಿಯಲ್ಲ. ಉದ್ಯೋಗಕ್ಕಾಗಿ ಹೋಗುವವರುಂಟು, ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಹೋಗುವವರೂ ಉಂಟು. ಆದರೆ ನೆಲವೇ ಮುನಿದು, ನೀರಾಗಲಿ ಗಾಳಿಯಾಗಲಿ ಮನುಷ್ಯನನ್ನು ಹೊರಡಿಸಿದಾಗ ಆ ಪ್ರಯಾಣದ ರೀತಿಯೇ ಬೇರೆ. ಅದರಲ್ಲಿ ಹೋಗತಕ್ಕ ಸ್ಥಳವನ್ನು ಆರಿಸಿಕೊಳ್ಳುವ ಅವಕಾಶ ಕಡಮೆ. ಹಿಂದಿರುಗುವ ಭರವಸೆ ಇನ್ನೂ ಕಡಮೆ. ನಮ್ಮ ಕೊಡಗಿನಲ್ಲಿ 2018ರ ಆಗಸ್ಟ್ ತಿಂಗಳಲ್ಲಿ ಬೆಟ್ಟ ಕುಸಿದು ಮನೆ ಕಳೆದುಕೊಂಡ ಕುಟುಂಬಗಳು ಇದನ್ನು ಚೆನ್ನಾಗಿ ಬಲ್ಲವು. ಇಂಥ ಪ್ರಯಾಣದಲ್ಲಿ 13ರಿಂದ 18 ವರ್ಷದ ಮಕ್ಕಳ ನಡೆನುಡಿ ಹೇಗೆ ಮಾರ್ಪಡುತ್ತದೆ, ಆ ಮಾರ್ಪಾಡನ್ನು ನೋಡುವವರು ಅದಕ್ಕೆ ಎಂಥ ಅರ್ಥವನ್ನು ಕಟ್ಟುತ್ತಾರೆ, ಎಂಬುದನ್ನು ನಾವು ಇಲ್ಲಿ ವಿಚಾರಿಸತಕ್ಕದ್ದಾಗಿದೆ. ಸಾಮಾನ್ಯವಾದ ಮಾತುಗಳನ್ನಾಡುವುದಕ್ಕಿಂತ ಒಂದು ದೃಷ್ಟಾಂತವನ್ನು ಹತ್ತಿರದಿಂದ ನೋಡುವುದು ಲೇಸೆಂದು ತೋರಿ, 1930ರ ದಶಕದಲ್ಲಿ ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದುದನ್ನು ಆರಿಸಿಕೊಂಡಿದ್ದೇವೆ.

ಆ ದೇಶದ ನಡುಭಾಗದಲ್ಲಿ ವಿಸ್ತಾರವಾದ ಹುಲ್ಲುಗಾವಲಿನ ಬಯಲುಂಟು. ಮಳೆ ಅಲ್ಲಿ ಸ್ವಲ್ಪ, ಗಾಳಿ ಬಹಳ. ಮಣ್ಣನ್ನು ಹಿಡಿದಿಟ್ಟಿದ್ದುದು ಹುಲ್ಲಿನ ಬೇರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಬೆಲೆ ಏರಲು, ರೈತರು ಟ್ರ್ಯಾಕ್ಟರುಗಳಿಂದ ಆ ಹುಲ್ಲನ್ನೆಲ್ಲ ಉತ್ತು ಮಗುಚಿ ಗೋಧಿಯನ್ನು ಬಿತ್ತಿದರು. 1931ರಿಂದ ಮಳೆ ತಪ್ಪಿತು, ಪೈರು ಒಣಗಿತು, ಬರಿದಾದ ಮಣ್ಣು ಗಾಳಿಯೊಡನೆ ಎದ್ದು ಹೊರಟಿತು. 1935ನೆಯ ಏಪ್ರಿಲ್ 14ರ ಆದಿತ್ಯವಾರ ಎದ್ದ ಧೂಳಿನ ಗೋಡೆ ಹಗಲನ್ನು ಕತ್ತಲೆ ಮಾಡಿತಾದ್ದರಿಂದ ಆ ದಿನಕ್ಕೆ ಕಪ್ಪು ಆದಿತ್ಯವಾರವೆಂಬ ಹೆಸರು ನಿಂತಿತು. ಮನೆಗಳಲ್ಲಿ ಕಿಟಕಿಗಳಿಗೆ ಒದ್ದೆ ಬಟ್ಟೆಯನ್ನು ಕಟ್ಟುತ್ತಿದ್ದರು. ಊಟ ಬಡಿಸುವ ತನಕ ತಟ್ಟೆಗಳನ್ನು ಬೋರಲು ಹಾಕಿಡುತ್ತಿದ್ದರು. ಧೂಳು ಶ್ವಾಸಕೋಶಕ್ಕಿಳಿದು ಮಕ್ಕಳೂ ಮುದುಕರೂ ಸತ್ತರು.

1940ರ ಹೊತ್ತಿಗೆ ಆ ಬಯಲಿನ ಸಂಸ್ಥಾನಗಳನ್ನು ಬಿಟ್ಟವರು ಸುಮಾರು 25 ಲಕ್ಷ ಜನರೆಂದು ಲೆಕ್ಕ. ಇವರಲ್ಲಿ ಬಹುಮಂದಿ ನೆರೆಯ ಸೀಮೆಗಳಿಗೇ ಹೋದರು. ಲಕ್ಷಾಂತರ ಮಂದಿ 66ನೆಯ ಹೆದ್ದಾರಿಯನ್ನು ಹಿಡಿದು, ಹಳೆಯ ಮೋಟಾರುಗಳ ಮೇಲೆ ಹಾಸಿಗೆಯನ್ನೂ ಅಡಿಗೆಯ ಪಾತ್ರೆಗಳನ್ನೂ ಬಿಗಿದು, ಪಶ್ಚಿಮದ ಕ್ಯಾಲಿಫೋರ್ನಿಯಾಕ್ಕೆ ಬಂದರು. ಇಲ್ಲಿ ಒಂದು ಮಾತನ್ನು ಹೇಳದಿದ್ದರೆ ಸತ್ಯಕ್ಕೆ ಕೊರತೆಯಾದೀತು. ಕ್ಯಾಲಿಫೋರ್ನಿಯಾಕ್ಕೆ ಬಂದವರೆಲ್ಲರೂ ಧೂಳಿನಿಂದಲೇ ಓಡಿದವರಲ್ಲ. ಹತ್ತಿಯ ಬೆಲೆ ಕುಸಿದು, ಒಡೆಯರು ಟ್ರ್ಯಾಕ್ಟರನ್ನು ತಂದು ಗೇಣಿದಾರರನ್ನು ಬಿಡಿಸಿದ್ದರಿಂದ ಹೊರಟವರೂ ಅನೇಕರು. ಬರವೂ ಬಡತನವೂ ಒಂದರ ಕೈಯನ್ನೊಂದು ಹಿಡಿದೇ ಬರುತ್ತವೆ.

ಬಂದವರಿಗೆ ದೊರೆತ ಸ್ವಾಗತವೆಂಥದು? 1936ರಲ್ಲಿ ಲಾಸ್ ಏಂಜಲೀಸ್ ನಗರದ ಪೊಲೀಸ್ ಮುಖ್ಯಸ್ಥರು ತಮ್ಮ ಸಿಬ್ಬಂದಿಯನ್ನು ಸಂಸ್ಥಾನದ ಗಡಿಗೇ ಕಳುಹಿಸಿ ಬಡವರನ್ನು ಹಿಂದಕ್ಕೆ ಅಟ್ಟಿಸಿದರು. ಒಳಗೆ ನುಸುಳಿದವರು ಕಾಲುವೆಯ ದಡಗಳಲ್ಲಿ ಗುಡಾರ ಹಾಕಿ, ಬಟಾಣಿಯನ್ನೂ ಹತ್ತಿಯನ್ನೂ ಬಿಡಿಸುತ್ತಾ, ಬೆಳೆ ಮುಗಿದೊಡನೆ ಬೇರೆ ಊರಿಗೆ ಸಾಗಿದರು. ಓಕ್ಲಹೋಮಾದವನು ಎಂಬಷ್ಟೇ ಅರ್ಥದ ಓಕಿ ಎಂಬ ಪದ, ಟೆಕ್ಸಾಸಿನವರಿಗೂ ಆರ್ಕನ್ಸಾಸಿನವರಿಗೂ ಸೇರಿ, ಕೊಳಕ, ಮೂಢ ಎಂಬ ಬೈಗುಳವಾಯಿತು.

ಈಗ ಮಕ್ಕಳ ವಿಷಯಕ್ಕೆ ಬರೋಣ. ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯ ಶಾಲೆಗಳಲ್ಲಿ ಊರಿನ ಮಕ್ಕಳು ಮೇಜಿನ ಮುಂದೆ ಕುಳಿತಿರುವಾಗ, ಹೊಸದಾಗಿ ಬಂದ ಮಕ್ಕಳನ್ನು ಕೋಣೆಯ ಹಿಂಭಾಗದಲ್ಲಿ ನೆಲದ ಮೇಲೆ ಕೂರಿಸಿದ್ದುಂಟು. ಅವರ ಉಚ್ಚಾರಣೆಯನ್ನು ಕೇಳಿ ನಕ್ಕರು. ಹಿಟ್ಟಿನ ಚೀಲದಿಂದ ಹೊಲಿದ ಅಂಗಿಯನ್ನು ನೋಡಿ ನಕ್ಕರು. ಇದಕ್ಕೆ ಮಕ್ಕಳು ಕೊಟ್ಟ ಉತ್ತರ ಎರಡು ಬಗೆಯದು. ಕೆಲವರು ಹೊಡೆದಾಡಿದರು. ಕೆಲವರು ಬಾಯಿ ಮುಚ್ಚಿದರು. ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿದರು, ಕಡೆಗೆ ಶಾಲೆಗೆ ಬರುವುದನ್ನೇ ಬಿಟ್ಟರು. ಮೊದಲನೆಯವರಿಗೆ ಪುಂಡರೆಂದೂ ಎರಡನೆಯವರಿಗೆ ಮಂದಬುದ್ಧಿಯವರೆಂದೂ ಹೆಸರು ಬಿತ್ತು. ಹತ್ತಾರು ಶಾಲೆಗಳನ್ನು ಬದಲಾಯಿಸಿದ ಮಗುವಿಗೆ ಭಾಗಾಕಾರ ಬಾರದಿದ್ದರೆ ಅದು ಬುದ್ಧಿಯ ದೋಷವೆಂದು ಹೇಳುವುದು ಸುಲಭ. ನಮ್ಮ ಅಭಿಪ್ರಾಯದಲ್ಲಿ ಹೊಡೆತವೂ ಮೌನವೂ ಒಂದೇ ನೋವಿನ ಎರಡು ಮುಖಗಳು. ಎರಡನೆಯದು ತರಗತಿಗೆ ತೊಂದರೆ ಕೊಡದುದರಿಂದ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಹೆಣ್ಣುಮಕ್ಕಳಲ್ಲಿ ಈ ಮೌನವನ್ನು ಸೌಶೀಲ್ಯವೆಂದು ಹೊಗಳಿಬಿಡುವ ಅಪಾಯವೂ ಉಂಟು.

ಈ ಪ್ರಾಯದವರನ್ನೇ ಸ್ಥಳಾಂತರವು ಹೆಚ್ಚಾಗಿ ಕಲಕುವುದೇಕೆ? ಐದು ವರ್ಷದ ಶಿಶುವಿಗೆ ತಾಯಿ ಇದ್ದಲ್ಲಿಯೇ ಊರು. ಹದಿನಾಲ್ಕರ ಬಾಲಕಿಗೆ ಹಾಗಲ್ಲ. ತಾನು ಯಾರೆಂಬುದನ್ನು ಅವಳು ನೆರೆಹೊರೆಯವರ ಕಣ್ಣಿನಲ್ಲಿ ಓದಿ ಕಲಿಯುತ್ತಿರುತ್ತಾಳೆ. ಚೆನ್ನಾಗಿ ಹಾಡುವವಳು, ಲೆಕ್ಕದಲ್ಲಿ ಜಾಣೆ, ಇಂಥವರ ಮೊಮ್ಮಗಳು ಎಂದು ಹೇಳುವವರು ಬೇಕು. ಊರು ಬಿಟ್ಟೊಡನೆ ಆ ಸಾಕ್ಷಿಗಳೆಲ್ಲರೂ ಹಿಂದೆ ಉಳಿಯುತ್ತಾರೆ. ಅದರೊಡನೆ ಸ್ವಂತ ಹೊಲದಲ್ಲಿ ತಲೆಯೆತ್ತಿ ನಡೆದ ತಂದೆ ಪರರ ಹೊಲದ ಬೇಲಿಯ ಹೊರಗೆ ಕೂಲಿಗಾಗಿ ಕಾದು ನಿಲ್ಲುವುದನ್ನು ಅವಳು ಕಣ್ಣಾರೆ ಕಾಣುತ್ತಾಳೆ. ಇದಕ್ಕಿಂತಲೂ ಮಿಗಿಲಾದ ಒಂದು ವಿರೋಧವುಂಟು. ಗುಡಾರದಲ್ಲಿ ಅವಳು ಅಡಿಗೆ ಮಾಡಿ, ತಮ್ಮತಂಗಿಯರನ್ನು ನೋಡಿ, ದಿನವೆಲ್ಲ ಹತ್ತಿ ಬಿಡಿಸಿ ಸಂಸಾರಕ್ಕೆ ಕಾಸು ತರುವ ಪ್ರೌಢೆ. ಶಾಲೆಯಲ್ಲಿಯಾದರೋ ತನಗಿಂತ ಎಷ್ಟೋ ಕಿರಿಯರ ಪಕ್ಕದಲ್ಲಿ ಅಕ್ಷರ ತಿದ್ದುವ ಶಿಶು. ಒಂದೇ ದಿನದಲ್ಲಿ ಈ ಎರಡೂ ಆಗೆಂದರೆ ಯಾವ ಮಗು ಮುನಿಯದೆ ಇದ್ದೀತು?

ಕೆಲಸದ ಹೊರೆ ತಾನಾಗಿ ಮಕ್ಕಳನ್ನು ಕೆಡಿಸುವುದಿಲ್ಲವೆಂಬುದಕ್ಕೆ ಪ್ರಮಾಣವುಂಟು. ಸಮಾಜಶಾಸ್ತ್ರಜ್ಞರಾದ ಗ್ಲೆನ್ ಎಲ್ಡರರು 1974ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅದೇ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ನಗರದಲ್ಲಿ ಬೆಳೆದ 167 ಮಕ್ಕಳ ಜೀವನವನ್ನು ಪರಿಶೀಲಿಸಿದರು. ಇವರು ವಲಸೆ ಬಂದವರಲ್ಲ. ಆದರೆ 1920–21ರಲ್ಲಿ ಹುಟ್ಟಿ, ಆರ್ಥಿಕ ಕುಸಿತದ ವರ್ಷಗಳಲ್ಲಿ ಪ್ರಾಯಕ್ಕೆ ಬಂದವರು. ಹಣ ಕಳೆದುಕೊಂಡ ಮನೆಗಳಲ್ಲಿ ಬಾಲಕಿಯರು ಮನೆಗೆಲಸವನ್ನೂ ಬಾಲಕರು ಸಂಪಾದನೆಯ ಕೆಲಸವನ್ನೂ ವಹಿಸಿಕೊಂಡರು. ಅವರಲ್ಲಿ ಅನೇಕರು ಹಾಳಾಗದೆ ಜವಾಬ್ದಾರರಾಗಿ ಬೆಳೆದರು. ಆದುದರಿಂದ ಕಷ್ಟ ಒಂದು, ಅವಮಾನ ಇನ್ನೊಂದು. ಇವೆರಡನ್ನೂ ಬೆರೆಸಿ ನೋಡಕೂಡದು.

ಅವಮಾನವು ಕಳೆದ ಕಾಲದ ಮಾತೂ ಅಲ್ಲ. 2011ರಲ್ಲಿ ಜಪಾನಿನ ಫುಕುಷಿಮಾದ ಅಣುಸ್ಥಾವರ ಕೆಟ್ಟಾಗ ಅಲ್ಲಿಂದ ಯೋಕೋಹಾಮಾ ನಗರಕ್ಕೆ ಬಂದ ಒಬ್ಬ ಬಾಲಕನನ್ನು ಜೊತೆಯ ಮಕ್ಕಳು ರೋಗಾಣುವೆಂದು ಕರೆದು, ಹೆದರಿಸಿ ಹಣ ಕಿತ್ತ ಸಂಗತಿ 2016ರಲ್ಲಿ ಹೊರಬಿದ್ದು ಆ ದೇಶವೆಲ್ಲ ತಲ್ಲಣಿಸಿತು. ಆ ಹುಡುಗ ಬಹುಕಾಲ ಶಾಲೆಗೇ ಹೋಗಿರಲಿಲ್ಲ. ಹೆಸರು ಬೇರೆ, ಓಕಿ ಎಂದಂತೆಯೇ ಇದೂ.

ಕರ್ನ್ ಕೌಂಟಿಯ ಕಥೆಗೆ ಹಿಂದಿರುಗೋಣ. ಅಲ್ಲಿಯ ಅರ್ವಿನ್ ಪಟ್ಟಣದ ಬಳಿ ವಲಸೆಗಾರರಿಗಾಗಿ ಕೇಂದ್ರ ಸರಕಾರವು ನಡೆಸುತ್ತಿದ್ದ ಶಿಬಿರಕ್ಕೆ ವೀಡ್‌ಪ್ಯಾಚ್ ಎಂದು ಹೆಸರು. 1939ರಲ್ಲಿ ಕೌಂಟಿಯ ವಿದ್ಯಾಶಾಖೆಯ ಸೂಪರಿಂಟೆಂಡೆಂಟರಾಗಿ ಚುನಾಯಿತರಾದ ಲಿಯೋ ಹಾರ್ಟ್ ಎಂಬವರು ಅಲ್ಲಿಗೆ ಆಗಾಗ ಹೋಗಿ, ಶಿಬಿರದ ಮಕ್ಕಳೊಡನೆ ಕುಳಿತು ಮಾತನಾಡಿದರು. ಊರಿನ ಶಾಲೆಗಳವರು ಇವರನ್ನು ಸೇರಿಸಿಕೊಳ್ಳಲು ಒಪ್ಪುವಂತಿರಲಿಲ್ಲ. ಹಾರ್ಟರು ವಾದಿಸುತ್ತಾ ಕೂರಲಿಲ್ಲ. ಶಿಬಿರದ ಪಕ್ಕದ ಬಯಲನ್ನು ಪಡೆದು, 1940ರಲ್ಲಿ ಸುಮಾರು 50 ಮಂದಿ ಮಕ್ಕಳೊಡನೆಯೂ ಎಂಟು ಮಂದಿ ಉಪಾಧ್ಯಾಯರೊಡನೆಯೂ ಹೊಸ ಶಾಲೆಯನ್ನು ಆರಂಭಿಸಿದರು. ಯೋಗ್ಯವಾದ ಕಟ್ಟಡ ಇರಲಿಲ್ಲ. ಅದನ್ನು ಮಕ್ಕಳೇ ಕಟ್ಟಬೇಕಾಯಿತು, ಕಟ್ಟಿದರು. ಮಣ್ಣು ಕಲಸಿ ಇಟ್ಟಿಗೆ ಮಾಡಿದರು, ನೀರಿನ ಕೊಳವೆ ಹಾಕಿದರು, ತರಕಾರಿ ಬೆಳೆದರು, ಹಸು ಹಂದಿಗಳನ್ನು ಸಾಕಿದರು, ಶಾಲೆಯ ಊಟವನ್ನು ತಾವೇ ಬೇಯಿಸಿದರು. ಹೊಲಿಗೆಯೂ ಚಪ್ಪಲಿ ರಿಪೇರಿಯೂ ಪಾಠಗಳಾದವು. ರಸಾಯನಶಾಸ್ತ್ರದ ಪಾಠದಲ್ಲಿ ಬಾಲಕಿಯರು ಮುಖಕ್ಕೆ ಹಚ್ಚುವ ಪ್ರಸಾಧನಗಳನ್ನು ತಯಾರಿಸುವುದನ್ನು ಕಲಿತರಂತೆ; ಹದಿನೈದರ ಹುಡುಗಿಗೆ ಏನು ಬೇಕೆಂಬುದನ್ನು ಬಲ್ಲ ಉಪಾಧ್ಯಾಯರು ಅಲ್ಲಿ ಇದ್ದರೆಂದು ಇದರಿಂದ ತಿಳಿಯುತ್ತದೆ. ಮುಂದೆ ಒಂದು ಹಳೆಯ ಸಿ-46 ಸಾಗಣೆ ವಿಮಾನವನ್ನು ಕೊಂಡು ತಂದು, ಅದರ ಯಂತ್ರಗಳನ್ನು ಬಿಚ್ಚಿ ಜೋಡಿಸುವುದನ್ನು ಕಲಿಸಿದರು. ಗಣಿತದಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಅಂಕ ಪಡೆದವರಿಗೆ ಅದನ್ನು ನೆಲದ ಮೇಲೆ ಓಡಿಸುವ ಅವಕಾಶ! ಭಾಗಾಕಾರಕ್ಕೆ ಆಗ ಅಂಜಿದವರುಂಟೆ?

ಮಕ್ಕಳು ಒಂದು ಈಜುಕೊಳವನ್ನೂ ಅಗೆದರು. ಆ ಬಿಸಿಲುಸೀಮೆಯಲ್ಲಿ ಇದು ಸಣ್ಣ ಸಂಪತ್ತಲ್ಲ.

ಈ ಏರ್ಪಾಟಿನಲ್ಲಿ ಒಂದು ಅನುಮಾನ ನಮ್ಮನ್ನು ಬಿಟ್ಟಿಲ್ಲ. ವಲಸೆಯ ಮಕ್ಕಳಿಗೆ ಬೇರೆ ಶಾಲೆಯನ್ನು ಮಾಡಿದ್ದು, ಅವರನ್ನು ಹೊರಗಿಡಬಯಸಿದವರ ಇಷ್ಟವನ್ನೇ ನಡೆಸಿದಂತಾಗಲಿಲ್ಲವೆ? ಆ ಪಟ್ಟಣದ ಶಾಲೆಗಳು ತಮ್ಮ ನೆಲದ ಮೇಲಿನ ಮಕ್ಕಳನ್ನು ಮೇಜಿಗೆ ಏರಿಸುವ ಕಷ್ಟದಿಂದ ಪಾರಾದವು. ಆದರೂ, ಆ ಮಕ್ಕಳು ಹೊಡೆದಾಟವನ್ನು ಬಿಟ್ಟು ಶಾಲೆಗೆ ಬರತೊಡಗಿದ್ದು ಉಪದೇಶದಿಂದಲ್ಲ. ಗುಡಾರದಲ್ಲಿ ಪ್ರೌಢರಾಗಿದ್ದವರನ್ನು ಶಾಲೆಯೂ ಪ್ರೌಢರಂತೆ ನಡೆಸಿಕೊಂಡಿತು; ಅವರ ಕೈಗಳಿಗೆ ಮೊದಲೇ ಗೊತ್ತಿದ್ದ ಕೆಲಸವು ವಿದ್ಯೆಯೆಂದು ಎಣಿಸಲ್ಪಟ್ಟಿತು. ಊರು ಕಳೆದುಕೊಂಡಾಗ ಕಳೆದುಹೋದ ಸಾಕ್ಷಿಗಳಿಗೆ ಬದಲಾಗಿ, ತಾವು ಕಟ್ಟಿದ ಗೋಡೆಯೇ ಅವರಿಗೆ ಸಾಕ್ಷಿಯಾಯಿತು.

ಆ ಶಾಲೆ ಐದು ವರ್ಷಗಳಷ್ಟು ಕಾಲ ನಡೆದು, ಅನಂತರ ಆ ಭಾಗದ ಸಾಮಾನ್ಯ ಶಾಲೆಗಳ ಆಡಳಿತಕ್ಕೆ ಸೇರಿತು. ಇತಿಹಾಸಕಾರರಾದ ಜೆರ್ರಿ ಸ್ಟ್ಯಾನ್ಲಿಯವರು ಹಾರ್ಟರನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಕಂಡು ಮಾತನಾಡಿ, 1992ರಲ್ಲಿ ಅದರ ಕಥೆಯನ್ನು ಎಳೆಯರಿಗಾಗಿ ಬರೆದರು. ಅಲ್ಲಿ ಕಲಿತವರಲ್ಲಿ ಕೆಲವರು ತಾವೇ ಉಪಾಧ್ಯಾಯರಾದರು. ಶಾಲೆ ನಡೆಯುತ್ತಿದ್ದ ದಿನಗಳಲ್ಲಿಯೇ, ಓಕಿ ಮಕ್ಕಳೊಡನೆ ತಮ್ಮ ಮಕ್ಕಳು ಕೂರಕೂಡದೆಂದು ಹಟ ಹಿಡಿದಿದ್ದ ಪಟ್ಟಣದ ತಂದೆತಾಯಿಗಳು, ಈಜುಕೊಳವನ್ನೂ ವಿಮಾನವನ್ನೂ ನೋಡಿ, ತಮ್ಮ ಮಕ್ಕಳನ್ನೂ ಅಲ್ಲಿಗೇ ಸೇರಿಸಿಕೊಳ್ಳಬೇಕೆಂದು ಕೇಳತೊಡಗಿದ್ದರು.